ಬೆನ್ನ ಮೇಲಿನ ಅಟ್ಟಣೆ

ಬೇಟೆಯ ಇತಿಹಾಸ ಎಂದರೆ ಆಯುಧಗಳ ಇತಿಹಾಸ ಎಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕಲ್ಲಿನ ಮೊನೆ, ಕಬ್ಬಿಣದ ಮೊನೆ, ಬಂದೂಕು ಎಂದು ಅದನ್ನು ಬರೆಯುವುದು ವಾಡಿಕೆ. ಆದರೆ ಬೇಟೆಗಾರ ಎಲ್ಲಿ ಕುಳಿತು ಕಾಯುತ್ತಿದ್ದ, ಆ ಆಸನವನ್ನು ಅಲ್ಲಿಗೆ ಹೊತ್ತು ತಂದವರು ಯಾರು ಎಂಬುದಕ್ಕೂ ಒಂದು ಇತಿಹಾಸವಿದೆ. ಅಮೆರಿಕದ ಬಿಲ್ಲು ಬೇಟೆಗಾರರು ಕಳೆದ ಆರೇಳು ದಶಕಗಳಲ್ಲಿ ಮರದ ಅಟ್ಟಣೆಯನ್ನು ಮೊಳೆ ಹೊಡೆದ ಹಲಗೆಯಿಂದ ಒಂದು ಕಿಲೋ ತೂಕದ ಬಟ್ಟೆಯ ಜೋಲಿಗೆ ಇಳಿಸಿದ ಕಥೆ ಅಂಥದ್ದು. ಅದರಲ್ಲಿ ಭೂಮಿಯ ಒಡೆತನ, ಕಾನೂನು, ಜಿಂಕೆಯ ಕಣ್ಣು-ಮೂಗುಗಳ ಸ್ವಭಾವ ಎಲ್ಲವೂ ಪಾತ್ರ ವಹಿಸಿವೆ. ಹಗುರವಾದದ್ದು ಅಪಾಯಕರ, ಭಾರವಾದದ್ದು ಭದ್ರ ಎಂಬ ನಮ್ಮ ಸಹಜ ನಂಬಿಕೆಯನ್ನೂ ಈ ಕಥೆ ಪರೀಕ್ಷೆಗೆ ಒಡ್ಡುತ್ತದೆ.

ಮರ ಏರಬೇಕಾದುದೇಕೆ?

ಅಮೆರಿಕದ ಬಿಲ್ಲು ಬೇಟೆಯ ಕೇಂದ್ರದಲ್ಲಿರುವ ಪ್ರಾಣಿ ಬಿಳಿಬಾಲದ ಜಿಂಕೆ. ಗಾಬರಿಯಾದಾಗ ಬಾಲವನ್ನು ಬಾವುಟದಂತೆ ಎತ್ತಿ ಓಡುವುದರಿಂದ ಅದಕ್ಕೆ ಈ ಹೆಸರು. ತಲೆಯ ಎರಡೂ ಪಕ್ಕಗಳಲ್ಲಿರುವ ಕಣ್ಣುಗಳಿಂದ ಅದು ತನ್ನ ಸುತ್ತಲಿನ ಬಹುಭಾಗವನ್ನು ತಲೆ ತಿರುಗಿಸದೆಯೇ ನೋಡಬಲ್ಲದು. ಕೆಂಪು, ಕಿತ್ತಳೆ ಬಣ್ಣಗಳನ್ನು ಅದು ನಮ್ಮಂತೆ ಗುರುತಿಸಲಾರದು; ಆದರೆ ಅತಿ ಸಣ್ಣ ಚಲನೆಯನ್ನೂ ಕಂಡುಹಿಡಿಯುತ್ತದೆ. ಕಣ್ಣಿಗಿಂತಲೂ ದೊಡ್ಡ ಕಾವಲು ಅದರ ಮೂಗು.

ಬಂದೂಕಿನವನಿಗೆ ಇದು ಅಷ್ಟು ದೊಡ್ಡ ತೊಡಕಲ್ಲ. ಅವನು ನೂರಾರು ಮೀಟರ್ ದೂರದಲ್ಲಿ ನಿಂತು ಗುರಿಯಿಡಬಲ್ಲ. ಬಿಲ್ಲುಗಾರನಿಗೆ ಆ ಸೌಲಭ್ಯವಿಲ್ಲ. ಇಂದಿನ ಒಳ್ಳೆಯ ಬಿಲ್ಲಿನಿಂದ ಹೊರಟ ಬಾಣದ ವೇಗ ಸೆಕೆಂಡಿಗೆ ಸುಮಾರು 80ರಿಂದ 90 ಮೀಟರ್. ಇಪ್ಪತ್ತು ಮೀಟರ್ ದೂರ ಕ್ರಮಿಸಲು ಅದಕ್ಕೆ ಕಾಲು ಸೆಕೆಂಡು ಬೇಕು. ಹೆದೆಯ ಸದ್ದಾದರೋ ಅದೇ ದೂರವನ್ನು ಸೆಕೆಂಡಿನ ನೂರನೆಯ ಆರು ಭಾಗದಲ್ಲಿ ಮುಟ್ಟುತ್ತದೆ. ಸದ್ದು ಕೇಳಿದ ಜಿಂಕೆ ಓಡಲು ಕಾಲು ಮಡಿಸಿ ಮೈ ತಗ್ಗಿಸುವಷ್ಟರಲ್ಲಿ ಬಾಣ ಬೆನ್ನ ಮೇಲಿಂದ ಹಾದು ಹೋಗಬಹುದು. ಇಲ್ಲವೇ ತಗಲಬಾರದ ಕಡೆ ತಗಲಬಹುದು. ದೂರ ಹೆಚ್ಚಿದಷ್ಟೂ ಈ ಅನಾಹುತದ ಸಾಧ್ಯತೆ ಹೆಚ್ಚು. ಬಾಣವು ಗುಂಡಿನಂತೆ ಹೊಡೆತದ ಬಲದಿಂದ ಕೊಲ್ಲುವುದಿಲ್ಲ. ಅಲಗಿನಂಥ ಮೊನೆಯಿಂದ ಕೊಯ್ದು, ರಕ್ತಸ್ರಾವದಿಂದ ಕೊಲ್ಲುತ್ತದೆ. ಶ್ವಾಸಕೋಶ ಅಥವಾ ಹೃದಯಕ್ಕೆ ತಾಗಿದರೆ ಸಾವು ಬೇಗ. ಬೇರೆಡೆ ತಾಗಿದರೆ ಗಾಯಗೊಂಡ ಪ್ರಾಣಿ ಕಾಡಿನೊಳಗೆ ಹೋಗಿ ನರಳುತ್ತದೆ. ಆದ್ದರಿಂದ ಹತ್ತಿರ ಹೋಗುವುದು ಬಿಲ್ಲುಗಾರನ ಅನುಕೂಲದ ಪ್ರಶ್ನೆಯಷ್ಟೇ ಅಲ್ಲ, ನೀತಿಯ ಪ್ರಶ್ನೆಯೂ ಹೌದು.

ಇಷ್ಟು ಹತ್ತಿರದಲ್ಲಿ ಕಾಣಿಸಿಕೊಳ್ಳದೆ ಇರುವ ದಾರಿಗಳಲ್ಲಿ ಮರವೇರುವುದೂ ಒಂದು. ಜಿಂಕೆ ಸಾಮಾನ್ಯವಾಗಿ ತನ್ನ ಕಣ್ಣಿನ ಮಟ್ಟದಲ್ಲಿ ಅಪಾಯವನ್ನು ಹುಡುಕುತ್ತದೆ. ತಲೆಯೆತ್ತಿ ಕೊಂಬೆಗಳನ್ನು ನೋಡುವುದು ಕಡಿಮೆ. ಮನುಷ್ಯನ ಮೈವಾಸನೆಯೂ ಒಂದಿಷ್ಟು ದೂರದವರೆಗೆ ಅದರ ಮೂಗಿನ ಮೇಲಿಂದ ತೇಲಿ ಹೋಗುತ್ತದೆ. ಐದರಿಂದ ಏಳು ಮೀಟರ್ ಎತ್ತರ ಸಾಕೆಂಬುದು ಅನುಭವಿಗಳ ಲೆಕ್ಕ. ಇನ್ನೂ ಮೇಲೇರಿದರೆ ಬಾಣ ತೀರ ಕಡಿದಾಗಿ ಇಳಿಯುತ್ತದೆ. ಎರಡು ಶ್ವಾಸಕೋಶಗಳ ಬದಲು ಒಂದಕ್ಕಷ್ಟೇ ತಾಗುವ ಸಂಭವ ಹೆಚ್ಚುತ್ತದೆ.

ನೆಲದ ಮೇಲಿನ ಗುರು

ಆದರೆ ಆಧುನಿಕ ಅಮೆರಿಕನ್ನರಿಗೆ ಬಿಲ್ಲು ಬೇಟೆಯನ್ನು ಮತ್ತೆ ಕಲಿಸಿದವನು ನೆಲದ ಮೇಲೆ ನಡೆದು ಬೇಟೆಯಾಡುತ್ತಿದ್ದವನು. 1911ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಪಟ್ಟಣದ ಬಳಿ ಹಸಿದು ಸೊರಗಿದ ಒಬ್ಬ ಮೂಲನಿವಾಸಿ ಕಾಣಿಸಿಕೊಂಡ. ವಲಸಿಗರ ದಾಳಿಗಳಲ್ಲಿ ನಾಶವಾದ ಯಾಹಿ ಬುಡಕಟ್ಟಿನ ಕೊನೆಯ ಮನುಷ್ಯ ಅವನು. ತನ್ನ ಹೆಸರನ್ನು ಅವನು ಹೇಳಲಿಲ್ಲ. ‘ಮನುಷ್ಯ’ ಎಂಬರ್ಥದ ‘ಇಶಿ’ ಎಂಬ ಪದವೇ ಅವನ ಹೆಸರಾಯಿತು. ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಆಶ್ರಯ ಪಡೆದ ಇಶಿಗೆ ಚಿಕಿತ್ಸೆ ನೀಡಿದ ವೈದ್ಯ ಸ್ಯಾಕ್ಸ್‌ಟನ್ ಪೋಪ್, ಅವನಿಂದ ಬಿಲ್ಲು ಕೆತ್ತುವುದನ್ನೂ ಬೇಟೆಯ ಪಾಠವನ್ನೂ ಕಲಿತರು. ಗಾಳಿಯ ದಿಕ್ಕು ನೋಡುವುದು, ಪ್ರಾಣಿಯ ಕೂಗನ್ನು ಅನುಕರಿಸಿ ಹತ್ತಿರಕ್ಕೆ ಕರೆಯುವುದು, ಸದ್ದಿಲ್ಲದೆ ಗಂಟೆಗಟ್ಟಲೆ ಕಾಯುವುದು - ಇವು ಆ ಪಾಠಗಳು. ಇಶಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ಬಿಲ್ಲು ಬೇಟೆಯ ಬಗ್ಗೆ ಪೋಪ್ ಬರೆದ ಪುಸ್ತಕ 1923ರಲ್ಲಿ ಪ್ರಕಟವಾಗಿ, ಈ ಹವ್ಯಾಸಕ್ಕೆ ಸಾವಿರಾರು ಮಂದಿಯನ್ನು ಸೆಳೆಯಿತು.

ಆ ವೇಳೆಗೆ ಅಮೆರಿಕದಲ್ಲಿ ಜಿಂಕೆಗಳೇ ವಿರಳವಾಗಿದ್ದವು. ಮಾಂಸ, ಚರ್ಮಗಳ ವ್ಯಾಪಾರಕ್ಕಾಗಿ ನಡೆದ ಲಂಗುಲಗಾಮಿಲ್ಲದ ಬೇಟೆಯಿಂದ 20ನೇ ಶತಮಾನದ ಆರಂಭಕ್ಕೆ ಬಿಳಿಬಾಲದ ಜಿಂಕೆಗಳ ಸಂಖ್ಯೆ 5 ಲಕ್ಷಕ್ಕಿಂತ ಕೆಳಗಿಳಿದಿತ್ತೆಂಬುದು ಸಾಮಾನ್ಯ ಅಂದಾಜು. ಬಳಿಕ ಬಂದ ಕಾನೂನುಗಳು, ಬೇಟೆಯ ಋತುಗಳು, ಪರವಾನಗಿಗಳು ಆ ಇಳಿಕೆಯನ್ನು ತಡೆದವು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯವು ಎರಡು ಕೌಂಟಿಗಳಲ್ಲಿ ಬಿಲ್ಲುಗಾರರಿಗೆಂದೇ ಪ್ರತ್ಯೇಕ ಬೇಟೆ ಋತುವನ್ನು ಗೊತ್ತುಪಡಿಸಿತು. ಬೇರೆ ರಾಜ್ಯಗಳೂ ಕ್ರಮೇಣ ಅದೇ ದಾರಿ ಹಿಡಿದವು. 1937ರ ಒಂದು ಕಾಯಿದೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ಮೀಸಲಿಟ್ಟಿತು. 1972ರಲ್ಲಿ ಬಿಲ್ಲುಬಾಣಗಳನ್ನೂ ಆ ವ್ಯಾಪ್ತಿಗೆ ತರಲಾಯಿತು. ಇಂದು ಅಲ್ಲಿ ಸುಮಾರು 3 ಕೋಟಿ ಬಿಳಿಬಾಲದ ಜಿಂಕೆಗಳಿವೆ ಎಂಬ ಅಂದಾಜಿದೆ. ಹೊಲ, ತೋಟ, ಹೆದ್ದಾರಿಗಳಿಗೆ ಅವು ನುಗ್ಗುವುದೇ ಈಗಿನ ಸಮಸ್ಯೆ.

ಹೊರುವವರು ಯಾರು?

ಎತ್ತರದಲ್ಲಿ ಕುಳಿತು ಕಾಯುವುದು ಅಮೆರಿಕನ್ನರು ಕಂಡುಹಿಡಿದದ್ದೇನಲ್ಲ. ಇಂಗ್ಲಿಷಿನ ಬೇಟೆ ಸಾಹಿತ್ಯದಲ್ಲಿ ಎಲ್ಲೆಲ್ಲೂ ಕಾಣುವ ‘ಮಚಾನ್’ ಎಂಬ ಪದ ಹಿಂದಿಯಿಂದ ಹೋದದ್ದು. ಅದರ ಮೂಲ ಸಂಸ್ಕೃತದ ‘ಮಂಚ’; ನಾವು ಮಲಗುವ ಮಂಚವೂ, ಹೊಲ ಕಾಯುವ ಮಂಚಿಕೆಯೂ ಅದರ ಬಳಗವೇ. ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ (1910-1974) ಈ ಸಂಬಂಧವನ್ನು ಅಕ್ಷರಶಃ ಬಳಸಿಕೊಂಡವರು. ನರಭಕ್ಷಕಗಳನ್ನು ಕಾಯಲು ಅವರು ಎಷ್ಟೋ ಬಾರಿ ಹಗ್ಗದ ಮಂಚವನ್ನೇ ಮರಕ್ಕೆ ಕಟ್ಟಿಸಿ ಮಚಾನು ಮಾಡಿಕೊಳ್ಳುತ್ತಿದ್ದರು.

ಆದರೆ ಮಂಚವನ್ನು ಕಾಡಿಗೆ ಹೊತ್ತು, ಮರವೇರಿ, ಕೊಂಬೆಗೆ ಬಿಗಿಯುತ್ತಿದ್ದವರು ಸುತ್ತಲ ಹಳ್ಳಿಯವರು. ರಾಜಮಹಾರಾಜರ, ವೈಸ್‌ರಾಯ್‌ಗಳ ಬೇಟೆಯಲ್ಲಂತೂ ಅಟ್ಟಣೆ ಕಟ್ಟಲು ಒಂದು ಪಡೆ, ಪ್ರಾಣಿಯನ್ನು ಎಬ್ಬಿಸಲು ಇನ್ನೊಂದು ಪಡೆ. ಹೊರುವವರು ಬೇರೆ ಇದ್ದಾಗ ಅಟ್ಟಣೆಯ ತೂಕ ಎಷ್ಟಿದ್ದರೇನು? ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ ಅದರ 1991ರ ತಿದ್ದುಪಡಿಯೊಂದಿಗೆ ಮೋಜಿನ ಬೇಟೆ ಕೊನೆಗೊಂಡಿತು. ಬೇಟೆಯ ಮಚಾನಿನ ಕಥೆಯೂ ಅಲ್ಲಿಗೆ ಮುಗಿಯಿತು. ಹೊಲ ಕಾಯುವ ರೈತನ ಅಟ್ಟಣೆ ಮಾತ್ರ ಉಳಿದುಕೊಂಡಿದೆ.

ಜರ್ಮನಿಯದು ಇನ್ನೊಂದು ಬಗೆ. ಅಲ್ಲಿ ಬೇಟೆಯ ಹಕ್ಕು ಭೂಮಿಗೆ ಅಂಟಿಕೊಂಡಿದೆ. ಬೇಟೆಗಾರರು ಒಂದು ಪ್ರದೇಶವನ್ನು ಒಂಬತ್ತು ವರ್ಷಗಳಷ್ಟು ದೀರ್ಘ ಕಾಲಕ್ಕೆ ಗುತ್ತಿಗೆ ಹಿಡಿಯುವುದು ರೂಢಿ. ಆದ್ದರಿಂದ ಹೊಲದಂಚಿನಲ್ಲಿ ಮರದ ಕಂಬಗಳ ಮೇಲೆ ಮಾಡು ಹೊದಿಸಿದ ಗೂಡುಗಳನ್ನೇ ಕಟ್ಟುತ್ತಾರೆ. ಬೇಟೆಗಾರ ಬದಲಾಗದಿದ್ದರೆ ಅಟ್ಟಣೆಯೂ ಕದಲಬೇಕಿಲ್ಲ.

ಅಮೆರಿಕದಲ್ಲಿ ಕಾಡುಪ್ರಾಣಿ ಯಾವ ಜಮೀನುದಾರನದೂ ಅಲ್ಲ, ಅದು ಜನರೆಲ್ಲರ ಸೊತ್ತು ಎಂಬುದು ಕಾನೂನಿನ ತತ್ವ. ಪರವಾನಗಿ ಪಡೆದ ಯಾರಾದರೂ ಸರ್ಕಾರಿ ಕಾಡುಗಳಲ್ಲಿ ಬೇಟೆಯಾಡಬಹುದು. ಆದರೆ ಆ ಕಾಡಿನಲ್ಲಿ ಯಾರಿಗೂ ತನ್ನದೇ ಎಂಬ ಮರವಿಲ್ಲ. ಹೊರುವ ಆಳುಗಳೂ ಇಲ್ಲ. ಕಾರ್ಖಾನೆಯ ಕೆಲಸಗಾರನೋ ಶಾಲಾ ಶಿಕ್ಷಕನೋ ವಾರಾಂತ್ಯದಲ್ಲಿ ಬೆಳಗಿನ ಜಾವ ಒಬ್ಬನೇ ಕತ್ತಲಲ್ಲಿ ನಡೆದು, ಒಬ್ಬನೇ ಮರವೇರಿ, ಒಬ್ಬನೇ ಇಳಿದು ಬರಬೇಕು. ಹಗುರವಾದ ಅಟ್ಟಣೆ ಅಲ್ಲೇ ಹುಟ್ಟಿದ್ದು ಆಕಸ್ಮಿಕವಲ್ಲ.

ಮೊಳೆಯಿಂದ ಅಲ್ಯೂಮಿನಿಯಂಗೆ

ಮೊದಮೊದಲು ಅಮೆರಿಕದ ಬೇಟೆಗಾರರೂ ಕವಲೊಡೆದ ಮರ ನೋಡಿ ನಾಲ್ಕು ಹಲಗೆಗಳನ್ನು ಮೊಳೆ ಹೊಡೆದು ಕೂರಿಸುತ್ತಿದ್ದರು. ಮಳೆ ಹಿಮಗಳಿಗೆ ಹಲಗೆ ಕೊಳೆಯುತ್ತಿತ್ತು. ಮರ ದಪ್ಪವಾದಂತೆ ಮೊಳೆ ಸಡಿಲವಾಗುತ್ತಿತ್ತು, ಇಲ್ಲವೇ ಕಾಂಡದೊಳಗೆ ಹುದುಗಿ ಹೋಗುತ್ತಿತ್ತು. ಮುಂದೆಂದೋ ಆ ಮರವನ್ನು ಕೊಯ್ಯುವವನ ಗರಗಸಕ್ಕೆ ಅದು ಸಿಕ್ಕರೆ ಪ್ರಾಣಾಪಾಯ. ಹೀಗಾಗಿ ಸರ್ಕಾರಿ ಕಾಡುಗಳಲ್ಲಿ ಮೊಳೆ, ತಿರುಪಿನ ಮೆಟ್ಟಿಲುಗಳನ್ನು ಹಲವು ರಾಜ್ಯಗಳು ನಿಷೇಧಿಸಿದವು. ಅಟ್ಟಣೆಯನ್ನು ಅಂದಂದೇ ಬಿಚ್ಚಿ ಒಯ್ಯಬೇಕೆಂಬ ನಿಯಮವೂ ಹಲವೆಡೆ ಬಂತು. ಮಿಷಿಗನ್‌ನಂಥ ರಾಜ್ಯದಲ್ಲಿ ಬಂದೂಕಿನ ಬೇಟೆಗಾರರಿಗೆ 20ನೇ ಶತಮಾನದ ಬಹುಭಾಗ ಮರವೇರಲು ಅನುಮತಿಯೇ ಇರಲಿಲ್ಲ.

ಇದೇ ಕಾಲಕ್ಕೆ ಬಿಲ್ಲೂ ಬದಲಾಯಿತು. ಮಿಸೌರಿಯ ಹಾಲಿಸ್ ವಿಲ್ಬರ್ ಅಲೆನ್ ಎಂಬವರು ರಾಟೆಗಳನ್ನು ಜೋಡಿಸಿದ ‘ಕಾಂಪೌಂಡ್’ ಬಿಲ್ಲಿಗೆ 1966ರಲ್ಲಿ ಪೇಟೆಂಟ್ ಕೋರಿ 1969ರಲ್ಲಿ ಪಡೆದರು. ಪೂರ್ತಿ ಎಳೆದ ಮೇಲೆ ಹೆದೆಯ ಬಿಗಿ ಬಹಳಷ್ಟು ಇಳಿಯುವುದು ಇದರ ವಿಶೇಷ. ಜಿಂಕೆ ಸರಿಯಾದ ಭಂಗಿಗೆ ಬರುವವರೆಗೆ ಬಿಲ್ಲನ್ನು ಎಳೆದೇ ಹಿಡಿದು ಕಾಯಬಹುದು. ಇದರ ಉದ್ದವೂ ಕಡಿಮೆ. ಕೊಂಬೆಗಳ ನಡುವೆ ತಿರುಗಿಸಲು ಸುಲಭ. ಮರದ ಮೇಲಿನ ಬಿಲ್ಲುಗಾರನಿಗೆ ಹೇಳಿ ಮಾಡಿಸಿದಂತಿದ್ದ ಈ ಬಿಲ್ಲಿನೊಂದಿಗೆ ಬಿಲ್ಲು ಬೇಟೆ ಜನಪ್ರಿಯವಾಯಿತು. ಅಟ್ಟಣೆಗಳ ಮಾರುಕಟ್ಟೆಯೂ ಬೆಳೆಯಿತು.

1970ರ ದಶಕದಲ್ಲಿ ಹೆಸರಾದದ್ದು ಬೇಕರ್ ಮಾದರಿಯ ‘ಏರುವ ಅಟ್ಟಣೆ’. ಕಾಂಡವನ್ನು ಬಳಸುವ ಒಂದು ಚೌಕಟ್ಟನ್ನು ಬೇಟೆಗಾರ ಪಾದಗಳಿಂದ ಎತ್ತಿ, ಅದರ ಮೇಲೆ ಭಾರ ಹಾಕಿ, ಮತ್ತೆ ಎತ್ತುತ್ತಾ ಕಂಬಳಿಹುಳುವಿನಂತೆ ಮೇಲೇರುತ್ತಾನೆ. ಇದಕ್ಕೆ ಮೊಳೆಯೂ ಬೇಡ, ಏಣಿಯೂ ಬೇಡ. ಆದರೆ ಕೊಂಬೆಯಿಲ್ಲದ ನೇರ ಮರ ಬೇಕು. ಜಾರ್ಜಿಯಾದಂಥ ದಕ್ಷಿಣದ ರಾಜ್ಯಗಳ ಪೈನ್ ಮರಗಳಿಗೆ ಇದು ಒಪ್ಪುತ್ತದೆ. ಉತ್ತರದ ಡೊಂಕು ಓಕ್ ಮರಗಳಿಗೆ ಒಪ್ಪುವುದಿಲ್ಲ. ಇದರ ಅಲ್ಯೂಮಿನಿಯಂ ಮಾದರಿಗಳೂ ಒಂಬತ್ತು ಹತ್ತು ಕಿಲೋ ತೂಗುತ್ತವೆ.

ಇನ್ನೊಂದು ಬಗೆ ‘ತೂಗುಹಾಕುವ ಅಟ್ಟಣೆ’. ನಾಲ್ಕೂವರೆಯಿಂದ ಆರು ಕಿಲೋ ತೂಕದ, ಮಡಿಸಬಹುದಾದ ಒಂದು ಹಲಗೆ ಮತ್ತು ಪುಟ್ಟ ಆಸನವನ್ನು ಪಟ್ಟಿಯಿಂದ ಕಾಂಡಕ್ಕೆ ಬಿಗಿಯುತ್ತಾರೆ. ಏರಲು ಒಂದೊಂದು ಕಿಲೋ ತೂಗುವ ಮೂರು ನಾಲ್ಕು ‘ಏರುಗೋಲು’ಗಳನ್ನು ಒಂದರ ಮೇಲೊಂದರಂತೆ ಕಟ್ಟಿಕೊಳ್ಳುತ್ತಾರೆ. ಕೊಂಬೆಯಿರುವ ಮರಕ್ಕೂ ಇದು ಸರಿಯೆ. ಆದರೆ ಒಂಟಿ ಕಾಲಲ್ಲಿ ನಿಂತು, ಕತ್ತಲಲ್ಲಿ, ಸದ್ದಾಗದಂತೆ ಲೋಹದ ಹಲಗೆಯನ್ನು ಮರಕ್ಕೆ ಬಿಗಿಯುವುದು ಸುಲಭದ ಕೆಲಸವಲ್ಲ.

ಹಲಗೆಯೇ ಇಲ್ಲದ ಅಟ್ಟಣೆ

ಇದಕ್ಕೆ ಉತ್ತರವಾಗಿ ಬಂದದ್ದು ಸ್ಯಾಡಲ್. ಪದದ ಅರ್ಥ ಕುದುರೆಯ ಜೀನು; ಇಲ್ಲಿ ಮಾತ್ರ ಅದು ಸೊಂಟ, ಪೃಷ್ಠಗಳನ್ನು ಬಳಸುವ ನೈಲಾನಿನ ಅಗಲ ಜೋಲಿ. ಮರಗಳ ಕೊಂಬೆ ಸವರುವ ವೃತ್ತಿಯವರು, ಬಂಡೆ ಏರುವವರು ಬಹಳ ಹಿಂದಿನಿಂದ ಬಳಸುತ್ತಿದ್ದ ಸಾಧನಗಳೇ ಇದರ ಪೂರ್ವಜರು. ಜೋಲಿಯ ಮುಂದಿನ ಕುಣಿಕೆಯಿಂದ ಹೊರಟ ಹಗ್ಗವನ್ನು ತಲೆಯ ಮಟ್ಟದಲ್ಲಿ ಕಾಂಡಕ್ಕೆ ಕಟ್ಟುತ್ತಾರೆ. ಬೇಟೆಗಾರ ಮರಕ್ಕೆ ಮುಖಮಾಡಿ, ಪಾದಗಳನ್ನು ಅಂಗೈಯಗಲದ ಮೆಟ್ಟಿನ ಮೇಲೋ ಪುಟ್ಟ ಹಲಗೆಯ ಮೇಲೋ ಊರಿ, ಹಿಂದಕ್ಕೆ ವಾಲಿ ಜೋಲಿಯಲ್ಲಿ ಕೂರುತ್ತಾನೆ. ಜಿಂಕೆ ಯಾವ ಕಡೆಯಿಂದ ಬಂದರೂ ಕಾಂಡವನ್ನು ಸುತ್ತಿ ಅದರ ಮರೆಯಲ್ಲೇ ಉಳಿಯಬಹುದು. ಜೋಲಿಯ ತೂಕ ಅರ್ಧದಿಂದ ಒಂದು ಕಿಲೋ. ಮೆಟ್ಟು, ಹಗ್ಗ, ಏರುಗೋಲುಗಳೆಲ್ಲ ಸೇರಿದರೂ ಸಾಮಾನ್ಯ ಬೆನ್ನುಚೀಲಕ್ಕೆ ಹಿಡಿಯುತ್ತದೆ.

ಇಂಥ ಜೋಲಿಗಳು 1980ರ ದಶಕದಲ್ಲೇ ಇದ್ದವು. ಆದರೆ ಬಳಸುತ್ತಿದ್ದವರು ಬೆರಳೆಣಿಕೆಯ ಮಂದಿ. ಮಿಷಿಗನ್‌ನ ಬೇಟೆಗಾರ, ಲೇಖಕ ಜಾನ್ ಎಬರ್‌ಹಾರ್ಟ್ ದಶಕಗಳ ಕಾಲ ಇದರ ಪರವಾಗಿ ಬರೆದವರು. ಬೇಟೆಗಾರರ ಒತ್ತಡ ಹೆಚ್ಚಾದ ಕಾಡುಗಳಲ್ಲಿ ಜಿಂಕೆಗಳು ಕಾಯಂ ಅಟ್ಟಣೆಗಳ ಮರಗಳನ್ನು ಗುರುತಿಸಿ ದೂರವಿರುತ್ತವೆ, ಆದ್ದರಿಂದ ಬೇಟೆಗಾರ ಮರ ಬದಲಿಸುತ್ತಲೇ ಇರಬೇಕು ಎಂಬುದು ಅವರ ವಾದ. 2000ದ ನಂತರದ ವರ್ಷಗಳಲ್ಲಿ ಟ್ರೋಫಿಲೈನ್ ಎಂಬ ಹೆಸರಿನ ಜೋಲಿ ಬಂದಾಗಲೂ ಅದು ಕೆಲವರ ಹುಚ್ಚು ಎಂದೇ ಪರಿಗಣಿತವಾಗಿತ್ತು. 2010ರ ದಶಕದ ಕೊನೆಯ ಹೊತ್ತಿಗೆ ಗಾಳಿ ಬದಲಾಯಿತು. ಹೊಸ ಸಂಸ್ಥೆಗಳು ಹುಟ್ಟಿಕೊಂಡವು, ಹಳೆಯ ಅಟ್ಟಣೆ ತಯಾರಕರೂ ಜೋಲಿ ಹೊಲಿಸತೊಡಗಿದರು.

ಭದ್ರತೆಯ ಭ್ರಮೆ

ಹಗ್ಗಕ್ಕೆ ಜೋತುಬೀಳುವುದಕ್ಕಿಂತ ಹಲಗೆಯ ಮೇಲೆ ನಿಲ್ಲುವುದೇ ಕ್ಷೇಮ ಎಂದು ಯಾರಿಗಾದರೂ ಅನ್ನಿಸೀತು. ಬೇಟೆಯ ಅಪಘಾತಗಳ ಲೆಕ್ಕ ಬೇರೆಯೇ ಹೇಳುತ್ತದೆ. 1979ರಿಂದ 1989ರವರೆಗೆ ಜಾರ್ಜಿಯಾ ರಾಜ್ಯದಲ್ಲಿ ದಾಖಲಾದ ಜಿಂಕೆ ಬೇಟೆಯ ಗಾಯಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವು ಮರದ ಅಟ್ಟಣೆಗಳಿಗೆ ಸಂಬಂಧಿಸಿದ್ದವು. ಆರು ಮೀಟರ್ ಎತ್ತರದಿಂದ ಬಿದ್ದವನು ಒಂದು ಸೆಕೆಂಡಿಗೆ ತುಸು ಹೆಚ್ಚು ಕಾಲದಲ್ಲಿ, ಗಂಟೆಗೆ ಸುಮಾರು 39 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತಾನೆ. ಸತ್ತವರು ಸತ್ತರೆ, ಉಳಿದವರಲ್ಲಿ ಬೆನ್ನುಮೂಳೆ ಮುರಿದು ಗಾಲಿಕುರ್ಚಿ ಸೇರಿದವರಿದ್ದಾರೆ. ಒಂಟಿಯಾಗಿ ಹೋದವನು ಬಿದ್ದರೆ ಸಂಜೆಯವರೆಗೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಇನ್ನೊಂದು ಗಂಡಾಂತರ.

ಬೀಳುವುದು ಹೆಚ್ಚಾಗಿ ಕುಳಿತಿರುವಾಗ ಅಲ್ಲ. ಏರುವಾಗ, ಇಳಿಯುವಾಗ, ಮೆಟ್ಟಿಲಿನಿಂದ ಹಲಗೆಗೆ ಕಾಲಿಡುವಾಗ. ಹಲಗೆ ತಲುಪಿದ ಮೇಲೆ ಪಟ್ಟಿ ಕಟ್ಟಿಕೊಂಡರಾಯಿತು ಎಂದುಕೊಂಡವನಿಗೆ ಈ ಅಪಾಯದ ವೇಳೆಯಲ್ಲಿ ಯಾವ ಆಸರೆಯೂ ಇರುವುದಿಲ್ಲ. ಹಲಗೆ ಕಾಲಿಗೆ ನೆಲದ ಭ್ರಮೆ ಹುಟ್ಟಿಸುತ್ತದೆ. ನೆಲದ ಮೇಲೆ ನಿಂತವನಿಗೆ ಹಗ್ಗ ಏಕೆ? ಪಟ್ಟಿ ಚೀಲದಲ್ಲೇ ಉಳಿಯುತ್ತದೆ.

ಮೊದಲಿಗೆ ಬಳಕೆಯಲ್ಲಿದ್ದ ಸೊಂಟದ ಪಟ್ಟಿಯೂ ಪೂರ್ತಿ ರಕ್ಷಣೆ ನೀಡಲಿಲ್ಲ. ಬಿದ್ದಾಗ ಅದು ಎದೆಗೆ ಸರಿದು ಉಸಿರು ಕಟ್ಟಿಸುತ್ತಿತ್ತು. ಅಟ್ಟಣೆ ತಯಾರಕರು 1990ರ ದಶಕದಲ್ಲಿ ಸಂಘ ಕಟ್ಟಿಕೊಂಡು ಪರೀಕ್ಷೆಯ ಮಾನದಂಡಗಳನ್ನು ರೂಪಿಸಿದರು. ಮುಂದೆ ಭುಜ, ಎದೆ, ತೊಡೆಗಳನ್ನು ಬಳಸುವ ಪೂರ್ಣ ಕವಚವನ್ನು ಅಟ್ಟಣೆಯ ಜತೆಗೇ ಕೊಡುವ ಪದ್ಧತಿ ಬಂತು. ಮರದ ಬುಡದಿಂದ ಆಸನದ ಮೇಲಿನವರೆಗೆ ಒಂದು ಜೀವಹಗ್ಗ ಇಳಿಬಿಟ್ಟು, ಕವಚವನ್ನು ಅದಕ್ಕೆ ಪ್ರೂಸಿಕ್ ಗಂಟಿನಿಂದ ಸೇರಿಸುವುದು ಇನ್ನೊಂದು ಸುಧಾರಣೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚುರಪಡಿಸಿದ ಈ ಗಂಟು, ಸಡಿಲವಿದ್ದಾಗ ಮೇಲೆ ಕೆಳಗೆ ಸರಿಯುತ್ತದೆ. ಭಾರ ಬಿದ್ದ ಕ್ಷಣ ಹಗ್ಗವನ್ನು ಕಚ್ಚಿ ನಿಲ್ಲುತ್ತದೆ. ಕವಚದಲ್ಲಿ ಬಹಳ ಹೊತ್ತು ನೇತಾಡುವುದೂ ಅಪಾಯವೇ. ಕಾಲುಗಳಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪಬಹುದು. ಅದಕ್ಕಾಗಿ ಪಾದ ಊರಲು ಒಂದು ಕುಣಿಕೆ ಜತೆಗಿರಬೇಕು.

ಈ ಹಿನ್ನೆಲೆಯಲ್ಲಿ ನೋಡಿದಾಗ ಜೋಲಿಯ ಒಂದು ಗುಣ ಎದ್ದು ಕಾಣುತ್ತದೆ. ಹಲಗೆಯ ಮೇಲಿನವನಿಗೆ ಹಗ್ಗ ಒಂದು ಹೆಚ್ಚುವರಿ ಎಚ್ಚರಿಕೆ. ಜೋಲಿಯವನಿಗೆ ಹಗ್ಗವೇ ಆಸನ. ಅದನ್ನು ಕಟ್ಟಿಕೊಳ್ಳಲು ಮರೆತು ಕೂರುವುದು ಅವನಿಗೆ ಸಾಧ್ಯವೇ ಇಲ್ಲ. ವಿದ್ಯುತ್ ಕಂಬವೇರುವ ಲೈನ್‌ಮನ್‌ಗಳಂತೆ ಕಾಂಡವನ್ನು ಬಳಸುವ ಹಗ್ಗವನ್ನು ಬುಡದಲ್ಲೇ ಕಟ್ಟಿಕೊಂಡು ಏರಿದರೆ, ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೆ ಅವನು ಮರಕ್ಕೆ ಅಂಟಿಕೊಂಡೇ ಇರುತ್ತಾನೆ. ಹಾಗೆಂದು ಜೋಲಿ ಪವಾಡವೇನಲ್ಲ. ಅದರ ಹಗ್ಗ ಹೆಚ್ಚು ಹಿಗ್ಗುವಂಥದ್ದಲ್ಲ. ಅದನ್ನು ಸಡಿಲ ಬಿಟ್ಟು ಮೇಲಕ್ಕೆ ಹತ್ತಿ ಜಾರಿದರೆ ಜಗ್ಗಿದ ಹೊಡೆತಕ್ಕೆ ಸೊಂಟ ಮುರಿದೀತು. ಹಗ್ಗ ಯಾವಾಗಲೂ ಬಿಗಿಯಾಗಿರಬೇಕು, ಹೊಲಿಗೆ ಸವೆದದ್ದನ್ನು ಬಿಸಾಡಬೇಕು, ಕಾಡಿಗೆ ಹೋಗುವ ಮೊದಲು ಮಂಡಿಯೆತ್ತರದಲ್ಲಿ ಅಭ್ಯಾಸ ಮಾಡಬೇಕು.

ಆಯ್ಕೆ

ಆದ್ದರಿಂದ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ತಕ್ಕಡಿಯೊಂದರಿಂದಲೇ ಉತ್ತರ ಸಿಗದು. ಸ್ವಂತ ಜಮೀನಿನಲ್ಲಿ, ಒಂದೇ ಮರದಲ್ಲಿ ವರ್ಷವೂ ಕೂರುವವನಿಗೆ ಭಾರದ ಏಣಿ ಅಟ್ಟಣೆ ಸಾಕು. ಮೊಣಕಾಲು ನೋವಿನ ಹಿರಿಯರಿಗೆ ಅದೇ ಹಿತ. ನೇರ ಪೈನ್ ಮರಗಳ ನಾಡಿನಲ್ಲಿ ಏರುವ ಅಟ್ಟಣೆ ಸಲೀಸು. ಸರ್ಕಾರಿ ಕಾಡಿನಲ್ಲಿ ಮೈಲುಗಟ್ಟಲೆ ನಡೆದು ದಿನಕ್ಕೊಂದು ಮರ ಹುಡುಕುವವನಿಗೆ ಜೋಲಿ. ತಾಸುಗಟ್ಟಲೆ ಜೋಲಿಯಲ್ಲಿ ವಾಲಿ ನಿಲ್ಲಲು ಕೆಲವರ ಸೊಂಟ ಒಪ್ಪುವುದಿಲ್ಲ. ಅಂಥವರು ಇನ್ನೆರಡು ಮೂರು ಕಿಲೋ ಹೆಚ್ಚಿಗೆ ಹೊತ್ತು ಆಸನವಿರುವ ಅಟ್ಟಣೆಯನ್ನೇ ಒಯ್ಯುವುದು ವಿವೇಕ. ದಣಿದವನು ಅಲುಗಾಡುತ್ತಾನೆ, ಅಲುಗಾಡಿದವನ ಬಾಣ ಗುರಿ ತಪ್ಪುತ್ತದೆ. ಅದರ ನೋವನ್ನು ತಿನ್ನುವುದು ಪ್ರಾಣಿ.

‘ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದ’ ಎಂಬ ಮಾತು ನಮ್ಮಲ್ಲಿ ಮೋಸಕ್ಕೆ ಹೆಸರು. ಏಣಿಯನ್ನೂ ಅಟ್ಟವನ್ನೂ ತಾನೇ ಹೊತ್ತು ತಂದು, ತಾನೇ ಕಟ್ಟಿ, ತಾನೇ ಬಿಚ್ಚಿಕೊಂಡು ಹೋಗುವ ಈ ಬೇಟೆಗಾರನಿಗೆ ಹಾಗೆ ಮೋಸ ಮಾಡುವವರು ಬೇರೆ ಯಾರೂ ಇಲ್ಲ. ಅವನ ಅವಸರವೊಂದನ್ನು ಬಿಟ್ಟರೆ. ಅಲ್ಲಿನ ಬೇಟೆ ಸುರಕ್ಷತೆಯ ತರಗತಿಗಳಲ್ಲಿ ಅಟ್ಟಣೆಯ ಮಾದರಿ ಯಾವುದೇ ಇರಲಿ, ಹೇಳಿಕೊಡುವ ಪಾಠ ಒಂದೇ: ಎರಡೂ ಪಾದ ನೆಲದ ಮೇಲಿರುವಾಗಲೇ ಹಗ್ಗ ಕಟ್ಟಿಕೊಳ್ಳಿ, ಎರಡೂ ಪಾದ ನೆಲ ಮುಟ್ಟಿದ ಮೇಲೆಯೇ ಬಿಚ್ಚಿ.